ಚೀನಾದ ಡ್ರ್ಯಾಗನ್ ರಾಜನ ಗುಡಿ ನೋಡೋದು ಹೇಗೆ? ಮೊದ್ಲು ನೀರು ಹುಡುಕಿ, ಆಮೇಲೆ ಮೂರ್ತಿ

ಚೀನಾಗೆ ಹೋಗೋ ನಮ್ಮವರು ಜಾಸ್ತಿ ಜನ ಮಹಾಗೋಡೆ, ಬೀಜಿಂಗ್ ಅರಮನೆ, ಶಾಂಘೈ ಬಿಲ್ಡಿಂಗು ಇಷ್ಟು ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಆದ್ರೆ ಉತ್ತರ ಚೀನಾದ ಹಳ್ಳಿ ಕಡೆ ಒಂದ್ಸಲ ಹೋದ್ರೆ ಗುಡ್ಡದ ಬುಡದಲ್ಲೋ ಹಳ್ಳದ ಪಕ್ಕದಲ್ಲೋ ಬಾವಿ ಹತ್ರಾನೋ ಒಂದು ಕೋಣೆಯಷ್ಟೇ ಇರೋ ಗುಡಿ ಕಾಣುತ್ತೆ, ಒಳಗೆ ಹಳೇ ಕಾಲದ ಅಧಿಕಾರಿ ಥರ ಉದ್ದ ನಿಲುವಂಗಿ ಹಾಕ್ಕೊಂಡು ಕೂತಿರೋ ದೇವರು, ಮುಖ ಮಾತ್ರ ಡ್ರ್ಯಾಗನ್‌ದು, ಕೆಲವು ಕಡೆ ಮುಖಾನೂ ಮನುಷ್ಯಂದೇ. ಅವನೇ ಲೋಂಗ್ ವಾಂಗ್. ಲೋಂಗ್ ಅಂದ್ರೆ ಡ್ರ್ಯಾಗನ್, ವಾಂಗ್ ಅಂದ್ರೆ ರಾಜ. ಮಳೆ ಕೊಡೋನು ಅವನೇ, ತಡೆಯೋನೂ ಅವನೇ ಅಂತ ಅಲ್ಲಿಯ ರೈತರ ನಂಬಿಕೆ. ಇಂಥ ಗುಡಿ ಮುಂದೆ ನಿಂತಾಗ ಏನು ನೋಡ್ಬೇಕು, ಯಾವಾಗ ಹೋಗ್ಬೇಕು, ಒಳಗೆ ಹೇಗೆ ನಡ್ಕೋಬೇಕು, ಮಳೆ ಕೇಳೋ ಪೂಜೆ ಹೇಗೆ ನಡೀತಿತ್ತು ಅನ್ನೋದೆಲ್ಲ ಒಂದು ಕಡೆ ಬರೆದಿಡೋಣ ಅಂತ ಕೂತೆ, ಯಾಕಂದ್ರೆ ಬರ ಅಂದ್ರೇನು ಅಂತ ಗೊತ್ತಿರೋ ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ, ಯಾರಾದ್ರೂ ದಾರಿ ತೋರಿಸಿದ್ರೆ ಸಾಕು.

ಮೊದಲು ಬೆಂಕಿ ಉಗುಳ್ತಾ ಚಿನ್ನದ ರಾಶಿ ಮೇಲೆ ಮಲಗಿರೋ ಪ್ರಾಣಿ, ರಾಜಕುಮಾರ ಬಂದು ಕೊಲ್ಲೋ ಪ್ರಾಣಿ, ಆ ಚಿತ್ರಾನ ತಲೆಯಿಂದ ತೆಗೆದುಬಿಡಿ, ಅದು ಯುರೋಪಿನ ಕಥೆ. ಚೀನಾದ ಲೋಂಗ್ ನೀರಿನ ಜೀವ. ಸುಮಾರು 1,900 ವರ್ಷ ಹಿಂದಿನ ಒಂದು ಚೀನೀ ನಿಘಂಟಲ್ಲಿ ಲೋಂಗ್ ಅನ್ನೋ ಪದಕ್ಕೆ ಅರ್ಥ ಕೊಡುವಾಗ ಅದು ಚಿಕ್ಕದೂ ಆಗಬಲ್ದು ದೊಡ್ಡದೂ ಆಗಬಲ್ದು, ವಸಂತದಲ್ಲಿ ಹಗಲು ರಾತ್ರಿ ಸಮ ಆಗೋ ದಿನ ಆಕಾಶಕ್ಕೆ ಏರುತ್ತೆ, ಶರತ್ಕಾಲದಲ್ಲಿ ಸಮ ಆಗೋ ದಿನ ಆಳವಾದ ನೀರಿಗೆ ಇಳಿಯುತ್ತೆ ಅಂತ ಹೇಳಿದ್ದಾರೆ. ರೈತನ ವರ್ಷಾನೇ ಅದು ನೋಡಿ. ಬಿತ್ತೋ ಹೊತ್ತಿಗೆ ನೀರು ಮೇಲೆ ಹೋಗಿ ಮೋಡ ಆಗ್ಬೇಕು, ಕುಯ್ಲು ಮುಗಿದ ಮೇಲೆ ವಾಪಸ್ ಕೆಳಗೆ ಹೋಗಿ ಮಲಗ್ಬೇಕು. ಅದಕ್ಕೇ ಈ ಗೈಡ್‌ನ ಒಂದೇ ಒಂದು ಸೂತ್ರ ಏನಂದ್ರೆ, ಗುಡಿಗೆ ಹೋದ್ರೆ ಮೂರ್ತಿ ನೋಡೋಕೆ ಮುಂಚೆ ಅಲ್ಲಿ ನೀರು ಎಲ್ಲಿದೆ ಅಂತ ಹುಡುಕಿ. ಬುಗ್ಗೆ ಇದೆಯಾ, ಮಡು ಇದೆಯಾ, ಕಾಲುವೆ ತೂಬು ಇದೆಯಾ, ಬತ್ತಿದ ಬಾವಿ ಆದ್ರೂ ಇದೆಯಾ. ಆ ನೀರು ಸಿಕ್ರೆ ಗುಡಿ ಅರ್ಧ ಅರ್ಥ ಆದ ಹಾಗೆ.

ಶುರು ಮಾಡೋಕೆ ಸುಲಭದ ಜಾಗ ಬೀಜಿಂಗ್‌ನಲ್ಲೇ ಇದೆ. ಬೇಸಿಗೆ ಅರಮನೆಗೆ ಎಲ್ರೂ ಹೋಗ್ತಾರೆ, ಅಲ್ಲಿ ಕುನ್‌ಮಿಂಗ್ ಸರೋವರದ ಮೇಲಿರೋ 17 ಕಮಾನಿನ ಸೇತುವೆ ಮೇಲೆ ಫೋಟೋನೂ ತೆಗೆಸ್ಕೊತಾರೆ, ಆದ್ರೆ ಆ ಸೇತುವೆ ಎಲ್ಲಿಗೆ ಹೋಗುತ್ತೆ ಅಂತ ಗಮನಿಸೋರು ಕಮ್ಮಿ. ಅದು ಹೋಗೋದು ದಕ್ಷಿಣ ಸರೋವರ ದ್ವೀಪಕ್ಕೆ, ಆ ದ್ವೀಪದಲ್ಲಿ ಲೋಂಗ್ ವಾಂಗ್ ಗುಡಿ ಇದೆ, ಚಿಂಗ್ ವಂಶದ ಚಕ್ರವರ್ತಿಗಳು ಮಳೆ ಕೇಳೋಕೆ ಬರ್ತಿದ್ದ ಜಾಗ ಅದು. ನಗರದ ವಾಯವ್ಯ ದಿಕ್ಕಲ್ಲಿ ಹೇಲೋಂಗ್‌ಥಾನ್ ಅಂತ ಇನ್ನೊಂದಿದೆ, ಕರಿ ಡ್ರ್ಯಾಗನ್ ಮಡು ಅಂತ ಅದರರ್ಥ, 1738ರಲ್ಲಿ ಚ್ಯಾನ್‌ಲೋಂಗ್ ಚಕ್ರವರ್ತಿ ಅಲ್ಲಿಯ ಡ್ರ್ಯಾಗನ್‌ಗೆ ಬಿರುದು ಕೊಟ್ಟಿದ್ದ. ದೇವರಿಗೆ ರಾಜ ಬಿರುದು ಕೊಡೋದಾ ಅಂತ ನಮಗೆ ಅನ್ಸುತ್ತೆ, ಅದರ ವಿಷಯ ಮುಂದೆ ಬರುತ್ತೆ.

ಆದ್ರೆ ನನ್ನ ಕೇಳಿದ್ರೆ ಒಂದೇ ಒಂದು ಜಾಗ ನೋಡೋಕೆ ಟೈಮ್ ಇದ್ರೆ ಶಾನ್‌ಸಿ ಪ್ರಾಂತ್ಯದ ಹೋಂಗ್‌ಥೋಂಗ್‌ಗೆ ಹೋಗಿ. ಹುವೋ ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಬುಗ್ಗೆ, ಅದರ ಪಕ್ಕದಲ್ಲೇ ನೀರಿನ ದೇವರ ಗುಡಿ. ಇಲ್ಲಿಯ ದೇವರ ಹೆಸರು ಮಿಂಗ್‌ಯಿಂಗ್ ವಾಂಗ್, ಲೋಂಗ್ ವಾಂಗ್ ಅನ್ನೋ ಹೆಸರಿಲ್ಲ, ಆದ್ರೆ ಕೆಲಸ ಅದೇ. 1303ರ ದೊಡ್ಡ ಭೂಕಂಪದಲ್ಲಿ ಬಿದ್ದುಹೋಗಿ ಮತ್ತೆ ಕಟ್ಟಿದ ಗುಡಿ ಇದು, ಗೋಡೆ ತುಂಬಾ ಚಿತ್ರ ಇವೆ, ಜನ ಮಳೆ ಕೇಳೋದು, ದೇವರು ಮಳೆ ಕೊಡೋದು, ಆಮೇಲೆ ನಾಟಕದ ಮೇಳ ಒಂದು ಸಾಲಾಗಿ ನಿಂತಿರೋದು. ಆ ನಾಟಕದ ಚಿತ್ರದ ಮೇಲೆ 1324ರ ತಾರೀಕು, ಮೇಳದ ಮುಖ್ಯ ನಟಿಯ ಹೆಸರು ಎರಡೂ ಬರೆದಿದ್ದಾರೆ! ಏಳು ನೂರು ವರ್ಷ ಹಿಂದೆ ಮಳೆ ದೇವರ ಮುಂದೆ ಆಟ ಆಡಿದ ಮೇಳ, ಬಣ್ಣದ ಸಮೇತ ಇವತ್ತಿಗೂ ಗೋಡೆ ಮೇಲೆ ನಿಂತಿದೆ. ಅದನ್ನ ನಿಧಾನವಾಗಿ ನೋಡಿ, ಅವಸರ ಮಾಡ್ಬೇಡಿ.

ನೋಡಿ ಆದ್ಮೇಲೆ ಹೊರಗೆ ಬಂದು ಬುಗ್ಗೆಯ ನೀರು ಕವಲಾಗೋ ಜಾಗಕ್ಕೆ ಹೋಗಿ. 11 ಕಬ್ಬಿಣದ ಕಂಬ ನೆಟ್ಟಿದ್ದಾರೆ, ಮಧ್ಯೆ 10 ಸಂದು, ಮೂರು ಸಂದಿನ ನೀರು ಒಂದು ಕಡೆ ಹೋಂಗ್‌ಥೋಂಗ್‌ಗೆ, ಏಳು ಸಂದಿನ ನೀರು ಇನ್ನೊಂದು ಕಡೆ ಚಾವ್‌ಛೆಂಗ್‌ಗೆ. ಯಾಕೆ ಮೂರು ಏಳು ಅಂದ್ರೆ ಅಲ್ಲಿಯ ಜನ ಹೇಳೋ ಕಥೆ ಹೀಗಿದೆ, ನೀರಿಗೋಸ್ಕರ ಎರಡೂ ಕಡೆಯವರು ಹೊಡೆದಾಡಿ ಹೊಡೆದಾಡಿ ಸಾಕಾಗಿ, ಕುದಿಯೋ ಎಣ್ಣೆ ಕೊಪ್ಪರಿಗೆಗೆ ಹತ್ತು ನಾಣ್ಯ ಹಾಕಿ, ಯಾವ ಕಡೆಯವನು ಎಷ್ಟು ಎತ್ತುತ್ತಾನೋ ಆ ಕಡೆಗೆ ಅಷ್ಟು ಪಾಲು ಅಂತ ಮಾಡಿದ್ರಂತೆ, ಚಾವ್‌ಛೆಂಗ್ ಕಡೆಯ ಹುಡುಗ ಬರಿಗೈ ಹಾಕಿ ಏಳು ಎತ್ತಿದನಂತೆ. ನಮ್ಮ ಕಡೆ ಕೆರೆ ತೂಬಿನ ಹತ್ರ ಸರದಿಗೋಸ್ಕರ ಜಗಳ ಆಗೋದನ್ನ, ನೀರಗಂಟಿ ಬಂದು ಪಂಚಾಯ್ತಿ ಮಾಡೋದನ್ನ ನೋಡಿದವರಿಗೆ ಇದು ಕಥೆ ಅನ್ಸಲ್ಲ, ಮೈ ಜುಮ್ ಅನ್ನುತ್ತೆ. ಹೆಬೇ ಪ್ರಾಂತ್ಯದ ಶಿಂಗ್‌ಥಾಯ್ ಕಡೇನೂ ಹೀಗೇ, ಕಾಲುವೆ ತೂಬಿಗೆ ಒಂದೊಂದು ಸಂಘ, ಸಂಘಕ್ಕೆ ಒಂದು ಲೋಂಗ್ ವಾಂಗ್ ಗುಡಿ, ಪಾಲುದಾರರೆಲ್ಲ ದೇವರ ಮುಂದೆ ಸೇರಿ ಪೂಜೆ ಮಾಡೋದು. ದೇವರ ಸಾಕ್ಷಿಯಲ್ಲಿ ಮಾಡ್ಕೊಂಡ ನೀರಿನ ಒಪ್ಪಂದ ಮುರಿಯೋಕೆ ಯಾರಿಗೂ ಸುಲಭಕ್ಕೆ ಧೈರ್ಯ ಬರಲ್ಲ ತಾನೇ. ಹಾಗಾಗಿ ಬರೀ ಮಳೆ ದೇವರು ಅಂತ ತಿಳ್ಕೊಂಡ್ರೆ ಅರ್ಧ ಮಾತ್ರ, ಇರೋ ನೀರನ್ನ ಹಂಚೋಕೂ ಅವನೇ ಬೇಕು.

ಇನ್ನು ಯಾವಾಗ ಹೋಗ್ಬೇಕು ಅನ್ನೋದು. ಇಲ್ಲಿ ನಮಗೊಂದು ಅನುಕೂಲ ಇದೆ, ಚೀನಾದ ಹಬ್ಬದ ಲೆಕ್ಕ ಚಾಂದ್ರಮಾನ, ಅಮಾವಾಸ್ಯೆಯಿಂದ ತಿಂಗಳು ಶುರು, ನಮ್ಮ ಯುಗಾದಿ ಪಂಚಾಂಗದ ಥರಾನೇ. ಅವರ ಮೊದಲನೇ ತಿಂಗಳು ಸಾಮಾನ್ಯವಾಗಿ ನಮ್ಮ ಮಾಘ, ಎರಡನೇದು ಫಾಲ್ಗುಣ, ಐದನೇದು ಜ್ಯೇಷ್ಠ, ಆರನೇದು ಆಷಾಢ. ಲೋಂಗ್ ವಾಂಗ್ ಹುಟ್ಟಿದ ದಿನ ಅಂತ ತುಂಬಾ ಕಡೆ ಜಾತ್ರೆ ಮಾಡೋದು ಆರನೇ ತಿಂಗಳ 13ನೇ ದಿನ, ಅಂದ್ರೆ ಹೆಚ್ಚುಕಮ್ಮಿ ಆಷಾಢ ಶುದ್ಧ ತ್ರಯೋದಶಿ, ಗುರುಪೂರ್ಣಿಮೆಗೆ ಎರಡು ದಿನ ಮುಂಚೆ. ಮನೇಲಿರೋ ಕ್ಯಾಲೆಂಡರ್ ನೋಡಿ ಅಂದಾಜು ಮಾಡ್ಬಹುದು. ಒಂದು ಎಚ್ಚರಿಕೆ ಇದೆ, ಅಧಿಕಮಾಸ ಅವರಿಗೆ ಬೇರೆ ವರ್ಷ ನಮಗೆ ಬೇರೆ ವರ್ಷ ಬರಬಹುದು, ಆಗ ಒಂದು ತಿಂಗಳು ಪೂರ್ತಿ ಹೆಚ್ಚುಕಮ್ಮಿ ಆಗುತ್ತೆ, ಆದ್ರಿಂದ ಟಿಕೆಟ್ ಬುಕ್ ಮಾಡೋಕೆ ಮುಂಚೆ ಚೀನೀ ಚಾಂದ್ರಮಾನ ಕ್ಯಾಲೆಂಡರ್‌ನಲ್ಲಿ ಒಂದ್ಸಲ ಚೆಕ್ ಮಾಡ್ಲೇಬೇಕು. ಐದನೇ ತಿಂಗಳ 13ಕ್ಕೆ ಇನ್ನೊಂದು, ಅವತ್ತು ಗ್ವಾನ್ ದಿ ಅನ್ನೋ ವೀರ ದೇವರು ತನ್ನ ಕತ್ತಿ ಮಸೀತಾನೆ, ಅದಕ್ಕೆ ಬೇಕಾದ ನೀರೇ ಮಳೆ ಆಗಿ ಬೀಳುತ್ತೆ ಅಂತ ನಂಬಿಕೆ, ಕತ್ತಿ ಮಸೆಯೋ ಮಳೆ ಅಂತಾನೇ ಅದಕ್ಕೆ ಹೆಸರು. ದಕ್ಷಿಣಕ್ಕೆ ಹೋದ್ರೆ ಗ್ವಾಂಗ್‌ಡೋಂಗ್ ಪ್ರಾಂತ್ಯದ ದೆಚಿಂಗ್‌ನಲ್ಲಿ ನದಿ ದಡದ ಮೇಲೆ ಲೋಂಗ್ ಮು ಅಂದ್ರೆ ಡ್ರ್ಯಾಗನ್ ತಾಯಿಯ ದೊಡ್ಡ ಗುಡಿ ಇದೆ, ಅವಳ ಜಾತ್ರೆ ಐದನೇ ತಿಂಗಳ 8ಕ್ಕೆ.

ಎರಡನೇ ತಿಂಗಳ ಎರಡನೇ ದಿನ, ಅಂದ್ರೆ ಫಾಲ್ಗುಣ ಶುದ್ಧ ಬಿದಿಗೆ ಹೊತ್ತಿಗೆ ಬರೋ ಹಬ್ಬದ ಹೆಸರು ಡ್ರ್ಯಾಗನ್ ತಲೆ ಎತ್ತೋ ದಿನ. ಅವತ್ತು ಜನ ಕೂದಲು ಕತ್ತರಿಸ್ಕೊತಾರೆ, ನೂಡಲ್ಸ್ ತಿಂದ್ರೆ ಅದನ್ನ ಡ್ರ್ಯಾಗನ್ ಮೀಸೆ ಅಂತಾರೆ, ತೆಳ್ಳಗಿನ ರೊಟ್ಟಿ ತಿಂದ್ರೆ ಡ್ರ್ಯಾಗನ್ ಚಿಪ್ಪು ಅಂತಾರೆ, ಹೆಂಗಸರು ಸೂಜಿ ಮುಟ್ಟಲ್ಲ, ಡ್ರ್ಯಾಗನ್ ಕಣ್ಣಿಗೆ ಚುಚ್ಚೀತು ಅಂತ. ಹಳ್ಳಿಗಳಲ್ಲಿ ಬಾವಿಯಿಂದ ಮನೆಯೊಳಗಿನ ನೀರಿನ ಹಂಡೆ ತನಕ ಬೂದಿಯಲ್ಲಿ ಗೆರೆ ಎಳೆಯೋ ಪದ್ಧತಿ ಇತ್ತು, ಆ ಗೆರೆ ಹಿಡ್ಕೊಂಡು ಡ್ರ್ಯಾಗನ್ ಮನೆಗೆ ಬರ್ಲಿ ಅಂತ.

ತಲೆ ಎತ್ತೋದು ಎಲ್ಲಿ ಅಂದ್ರೆ ಆಕಾಶದಲ್ಲಿ. ಇದನ್ನ ನೀವು ಚೀನಾಗೆ ಹೋಗದೇನೇ ನಿಮ್ಮ ಮನೆ ಟೆರೇಸಿಂದ ನೋಡ್ಬಹುದು. ಚೀನೀಯರು ಪೂರ್ವ ದಿಕ್ಕಿನ ನಕ್ಷತ್ರಗಳನ್ನ ಸೇರಿಸಿ ಒಂದು ಹಸಿರು ಡ್ರ್ಯಾಗನ್ ಕಂಡ್ರು, ಅದರ ಕೊಂಬು ನಮ್ಮ ಚಿತ್ತಾ, ವಿಶಾಖಾ ಇರೋ ಜಾಗ ಎದೆ ಮೇಲ್ಭಾಗ, ಕೆಂಪಗೆ ಹೊಳೆಯೋ ಜ್ಯೇಷ್ಠಾ ಅದರ ಹೃದಯ, ಮೂಲಾ ಬಾಲ. ಮಾರ್ಚ್ ಏಪ್ರಿಲ್‌ನಲ್ಲಿ ಕತ್ತಲಾದ್ಮೇಲೆ ಪೂರ್ವಕ್ಕೆ ತಿರುಗಿ ನಿಂತ್ರೆ ಚಿತ್ತಾ ಮೇಲೆ ಬರೋದು ಕಾಣುತ್ತೆ, ಅದು ಕೊಂಬು, ರಾತ್ರಿ ಕಳೀತಾ ಇದ್ದ ಹಾಗೆ ಒಂದೊಂದಾಗಿ ಮೈ ಎಲ್ಲ ಏಳುತ್ತೆ, ಕೊನೇಗೆ ಬಾಲ. ಡ್ರ್ಯಾಗನ್ ಕಂಡಾಗ ಮಳೆ ಪೂಜೆ ಮಾಡು ಅಂತ ಎರಡು ಸಾವಿರ ವರ್ಷಕ್ಕೂ ಹಳೇ ಗ್ರಂಥದಲ್ಲಿ ಬರೆದಿರೋದು ಈ ನಕ್ಷತ್ರದ ಡ್ರ್ಯಾಗನ್ ಬಗ್ಗೆ. ಚಿತ್ತಾ ಮಳೆ, ವಿಶಾಖಾ ಮಳೆ ಅಂತ ನಕ್ಷತ್ರದ ಹೆಸರಲ್ಲೇ ಮಳೆ ಎಣಿಸೋ ನಮ್ಮ ರೈತರ ಲೆಕ್ಕ ಬೇರೆ, ಅದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನೋದರ ಮೇಲೆ ನಡಿಯುತ್ತೆ, ಆದ್ರೆ ಅದೇ ಚುಕ್ಕಿಗಳನ್ನ ನೋಡ್ತಾ ಎರಡು ಕಡೆ ರೈತರು ಮಳೆ ಬಗ್ಗೆ ಯೋಚನೆ ಮಾಡಿದ್ರಲ್ಲ ಅನ್ನೋದು ನನಗೆ ಬಹಳ ಹಿಡಿಸಿದ ವಿಷಯ.

ಈಗ ಗುಡಿ ಒಳಗೆ ಬನ್ನಿ. ಹೊಸ್ತಿಲು ತುಳೀಬೇಡಿ, ದಾಟಿ ಹೋಗಿ, ಇದು ನಮಗೆ ಹೇಳ್ಕೊಡೋ ಅಗತ್ಯ ಇಲ್ಲ. ಮಧ್ಯೆ ಲೋಂಗ್ ವಾಂಗ್. ಅಕ್ಕಪಕ್ಕ ದೊಡ್ಡ ಗುಡಿ ಆದ್ರೆ ಗುಡುಗಿನ ದೇವರು ಲೇ ಗೋಂಗ್, ಎರಡು ಕೈಯಲ್ಲೂ ಕನ್ನಡಿ ಹಿಡ್ಕೊಂಡಿರೋ ಮಿಂಚಿನ ತಾಯಿ ದ್ಯಾನ್ ಮು, ಗಾಳಿಯ ಫೆಂಗ್ ಬೋ, ಮಳೆಯ ಯು ಶಿ ಇರ್ತಾರೆ. ಕೆಲವು ಕಡೆ ಒಬ್ಬನೇ ಅಲ್ಲ ನಾಲ್ಕು ಸಮುದ್ರಕ್ಕೆ ನಾಲ್ಕು ಜನ, ಇನ್ನು ಕೆಲವು ಕಡೆ ಐದು ಬಣ್ಣದ ಐದು ಜನ, ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು. 12ನೇ ಶತಮಾನದ ಶುರುವಿನಲ್ಲಿ ಸೋಂಗ್ ವಂಶದ ಹ್ವೇಝೋಂಗ್ ಚಕ್ರವರ್ತಿ ಈ ಐದೂ ಬಣ್ಣದ ಡ್ರ್ಯಾಗನ್‌ಗಳಿಗೆ ರಾಜ ಅನ್ನೋ ಪದವಿ ಕೊಟ್ಟ.

ಇಲ್ಲಿ ಆ ಬಿರುದಿನ ವಿಷಯ. ಚೀನೀ ಜನಪದ ಧರ್ಮದಲ್ಲಿ ಮೇಲಿನ ಲೋಕಾನೂ ಒಂದು ಸರ್ಕಾರ ಇದ್ದ ಹಾಗೆ, ಎಲ್ಲಕ್ಕೂ ಮೇಲೆ ಜೇಡ್ ಚಕ್ರವರ್ತಿ, ಅವನ ಕೈಕೆಳಗೆ ಇಲಾಖೆಗಳು, ಮಳೆ ಇಲಾಖೆ ಅಧಿಕಾರಿ ಲೋಂಗ್ ವಾಂಗ್. ಅವನಿಗೆ ಇಷ್ಟ ಬಂದ ಹಾಗೆ ಮಳೆ ಸುರಿಸೋ ಅಧಿಕಾರ ಇಲ್ಲ, ಮೇಲಿಂದ ಆರ್ಡರ್ ಬರ್ಬೇಕು. 16ನೇ ಶತಮಾನದ ಪಶ್ಚಿಮದ ಯಾತ್ರೆ ಕಾದಂಬರಿಯಲ್ಲಿ ಇದಕ್ಕೆ ಒಂದು ಕಥೆ ಇದೆ. ಜಿಂಗ್ ನದಿಯ ಡ್ರ್ಯಾಗನ್ ರಾಜ ಒಬ್ಬ ಜ್ಯೋತಿಷಿ ಜೊತೆ ಬಾಜಿ ಕಟ್ತಾನೆ, ನಾಳೆ ಎಷ್ಟು ಮಳೆ ಬೀಳುತ್ತೆ ಅಂತ. ಜ್ಯೋತಿಷಿ ಹೇಳಿದ್ದು ಮೂರು ಅಡಿ ಮೂರು ಅಂಗುಲ 48 ಹನಿ, ಮೇಲಿಂದ ಬಂದ ಆರ್ಡರ್‌ನಲ್ಲೂ ಅಷ್ಟೇ ಇದೆ, ಆದ್ರೆ ಬಾಜಿ ಗೆಲ್ಲೋ ಹಟಕ್ಕೆ ಬಿದ್ದ ಡ್ರ್ಯಾಗನ್ ಮೂರು ಅಂಗುಲ ಎಂಟು ಹನಿ ಕಡಿಮೆ ಸುರಿಸ್ತಾನೆ. ಅಷ್ಟಕ್ಕೇ ಅವನ ತಲೆ ಹೋಗುತ್ತೆ. ಎಂಟು ಹನಿಗೂ ಲೆಕ್ಕ ಇದೆ ಅನ್ನೋದು ಬರ ಕಂಡ ಜನ ಮಾತ್ರ ಕಟ್ಟಬಲ್ಲ ಕಥೆ. ಆದ್ರಿಂದ ಮೂರ್ತಿ ಕೈಯಲ್ಲಿ ಫಲಕ, ಮೈಮೇಲೆ ಅಧಿಕಾರಿ ನಿಲುವಂಗಿ ಕಂಡ್ರೆ ಅದು ಅಲಂಕಾರ ಅಂತ ಅಂದ್ಕೋಬೇಡಿ, ಅವನು ಡ್ಯೂಟಿ ಮೇಲಿದ್ದಾನೆ.

ಗೋಡೆ ಮೇಲೆ, ಬಾಗಿಲ ಮೇಲೆ, ಕೆಂಪು ಬಟ್ಟೆ ಬ್ಯಾನರ್ ಮೇಲೆ ನಾಲ್ಕಕ್ಷರದ ಮಾತು ಕಾಣುತ್ತೆ, ಫೋನ್ ಕ್ಯಾಮೆರಾ ಹಿಡಿದು ಟ್ರಾನ್ಸ್‌ಲೇಟ್ ಮಾಡ್ಕೊಳ್ಳಿ, ಜಾಸ್ತಿ ಸಿಗೋದು ಎರಡು, ಒಂದು ಫೆಂಗ್ ಥ್ಯಾವ್ ಯು ಶುನ್, ಅಂದ್ರೆ ಗಾಳಿ ಹದವಾಗಿರ್ಲಿ ಮಳೆ ಸಕಾಲಕ್ಕೆ ಬರ್ಲಿ ಅಂತ, ಇನ್ನೊಂದು ಯೋ ಚ್ಯೂ ಬೀ ಯಿಂಗ್, ಕೇಳಿದ್ರೆ ಖಂಡಿತ ಓಗೊಡ್ತಾನೆ ಅಂತ. ಈ ಎರಡನೇ ಬ್ಯಾನರ್ ಎಷ್ಟಿದೆ ಎಣಿಸಿ. ಹರಕೆ ತೀರಿದವರು ತಂದು ಹಾಕಿರೋದು ಅದು. ಅಲ್ಲಿ ದೇವರನ್ನ ಅಳೆಯೋ ಪದ ಲಿಂಗ್, ನಮ್ಮ ಲಿಂಗಕ್ಕೂ ಅದಕ್ಕೂ ಸಂಬಂಧ ಇಲ್ಲ, ನಮ್ಮ ಕರಾವಳಿಯಲ್ಲಿ ಕಾರಣಿಕ ಇರೋ ಜಾಗ ಅಂತಾರಲ್ಲ, ಆ ಅರ್ಥ. ಲಿಂಗ್ ಇರೋ ದೇವರಿಗೆ ಜನ ಹತ್ತೂರು ದಾಟಿ ಬರ್ತಾರೆ, ಲಿಂಗ್ ಇಲ್ಲ ಅನ್ನಿಸಿದ ಗುಡಿಯಲ್ಲಿ ಜೇಡ ಬಲೆ ಕಟ್ಟುತ್ತೆ.

ಮಳೆ ಕೇಳೋ ಪೂಜೆ ಹೇಗೆ ನಡೀತಿತ್ತು ಅನ್ನೋದು ಈಗ. ಇದಕ್ಕೆ ಬರವಣಿಗೆಯಲ್ಲಿ ಸಿಗೋ ಹಳೇ ಕೈಪಿಡಿ ಹಾನ್ ವಂಶದ ಕಾಲದ ದೋಂಗ್ ಝೋಂಗ್‌ಶು ಅನ್ನೋ ಪಂಡಿತನ ಹೆಸರಲ್ಲಿರೋ ಚುನ್‌ಚ್ಯೂ ಫಾನ್‌ಲು ಗ್ರಂಥದಲ್ಲಿದೆ, ಅವನು ಕ್ರಿ.ಪೂ. 2ನೇ ಶತಮಾನದವನು. ಋತು ನೋಡಿ ಬಣ್ಣ, ದಿಕ್ಕು, ಸಂಖ್ಯೆ ಎಲ್ಲ ಬದಲಾಗುತ್ತೆ. ವಸಂತದಲ್ಲಿ ಬರ ಬಂದ್ರೆ ಎಂಟು ಝಾಂಗ್ ಉದ್ದದ ಒಂದು ದೊಡ್ಡ ಹಸಿರು ಡ್ರ್ಯಾಗನ್ ಮಾಡ್ಬೇಕು, ಇವತ್ತಿನ ಲೆಕ್ಕದಲ್ಲಿ 18 ಮೀಟರ್ ಆಸುಪಾಸು, ಅದರ ಜೊತೆ ಅರ್ಧ ಉದ್ದದ ಏಳು ಸಣ್ಣವು, ಎಲ್ಲ ಪೂರ್ವಕ್ಕೆ ಮುಖ, ಎಂಟು ಹುಡುಗರು ಮೂರು ದಿನ ವ್ರತ ಇದ್ದು ಹಸಿರು ಬಟ್ಟೆ ಹಾಕ್ಕೊಂಡು ಕುಣೀಬೇಕು. ಬೇಸಿಗೆಗೆ ಕೆಂಪು, ಏಳು ಝಾಂಗ್, ದಕ್ಷಿಣ. ಶರತ್ಕಾಲಕ್ಕೆ ಬಿಳಿ, ಒಂಬತ್ತು ಝಾಂಗ್. ಚಳಿಗಾಲಕ್ಕೆ ಕಪ್ಪು, ಆರು. ಊರಿನ ದಕ್ಷಿಣ ಬಾಗಿಲು ಮುಚ್ಚಬೇಕು ಯಾಕಂದ್ರೆ ಅದು ಬಿಸಿಲಿನ ದಿಕ್ಕು, ಉತ್ತರದ ಬಾಗಿಲು ತೆರೀಬೇಕು ಅದು ನೀರಿನ ದಿಕ್ಕು. ಗಂಡಸರು ಮರೆಯಾಗಿರ್ಬೇಕು, ಹೆಂಗಸರು ಖುಷಿಯಾಗಿರ್ಬೇಕು, ಯಿನ್ ಅನ್ನೋ ತಂಪಿನ ಶಕ್ತಿ ಮೇಲುಗೈ ಆಗ್ಲಿ ಅಂತ. ಇನ್ನೊಂದು ಮಾತು ಓದಿದಾಗ ನಾನು ಅಲ್ಲೇ ನಿಂತೆ, ಎಂಟಡಿ ಉದ್ದಗಲ ಒಂದಡಿ ಆಳದ ಹೊಂಡ ಮಾಡಿ ಅದರಲ್ಲಿ ಐದು ಕಪ್ಪೆ ಬಿಡ್ಬೇಕಂತೆ! ಮಳೆಗಾಗಿ ಕಪ್ಪೆ ಮದುವೆ ಮಾಡೋ ನಮ್ಮ ಹಳ್ಳಿಗಳಿಗೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಮಳೆ ಬರೋಕೆ ಮುಂಚೆ ಕಪ್ಪೆ ಕೂಗೋದು ಎಲ್ಲಾ ರೈತರ ಕಿವಿಗೂ ಬೀಳುತ್ತೆ ಅಷ್ಟೇ.

ಮಳೆ ಕೇಳೋ ಪದ್ಧತಿ ಅದಕ್ಕಿಂತಲೂ ಹಳೇದು. ಮೂರು ಸಾವಿರ ವರ್ಷ ಹಿಂದೆ ಶಾಂಗ್ ರಾಜರು ಮೂಳೆಗೆ, ಆಮೆ ಚಿಪ್ಪಿಗೆ ಕಾವು ಕೊಟ್ಟು ಬಿರುಕು ನೋಡಿ ಶಕುನ ಕೇಳ್ತಿದ್ರು, ಕೇಳಿದ ಪ್ರಶ್ನೆಯನ್ನ ಅದರ ಮೇಲೇ ಕೆತ್ತಿಡ್ತಿದ್ರು, ಮಳೆ ಬರುತ್ತಾ ಅನ್ನೋ ಪ್ರಶ್ನೆ ಅದರಲ್ಲಿ ಮತ್ತೆ ಮತ್ತೆ ಬರುತ್ತೆ. ಅದೇ ಕಾಲದ ಒಂದು ಕ್ರೂರ ಪದ್ಧತೀನೂ ಇತ್ತು, ಮಳೆ ಬರದಿದ್ರೆ ದೇವರು ಮೈಮೇಲೆ ಬರೋ ಪೂಜಾರಿಯನ್ನ ಬಿಸಿಲಲ್ಲಿ ಒಣಗಿಸೋದು, ಸುಡೋದು. ಕ್ರಿ.ಪೂ. 639ರಲ್ಲಿ ಲು ರಾಜ್ಯದಲ್ಲಿ ದೊಡ್ಡ ಬರ ಬಿದ್ದಾಗ ದೊರೆ ಹಾಗೇ ಸುಡೋಕೆ ಹೊರಟ, ಝಾಂಗ್ ವೆನ್‌ಝೋಂಗ್ ಅನ್ನೋ ಮಂತ್ರಿ ತಡೆದ. ಕೋಟೆ ಗೋಡೆ ರಿಪೇರಿ ಮಾಡ್ಸಿ, ಊಟದ ಖರ್ಚು ಇಳಿಸಿ, ಬೇಸಾಯ ನೋಡ್ಕೊಳ್ಳಿ, ಇದ್ದವರು ಇಲ್ಲದವರಿಗೆ ಹಂಚಲಿ, ಆ ಬಡಪಾಯಿ ಏನು ಮಾಡ್ಯಾನು ಅಂದ. ದೊರೆ ಮಾತು ಕೇಳಿದ, ಆ ವರ್ಷ ಹಸಿವು ಇತ್ತು ಆದ್ರೆ ಜನಕ್ಕೆ ಹಾನಿ ಆಗಲಿಲ್ಲ ಅಂತ ದಾಖಲೆ ಇದೆ. ಕ್ರಿ.ಪೂ. 3ನೇ ಶತಮಾನದ ಶುನ್‌ಝಿ ಅನ್ನೋ ಚಿಂತಕ ಇನ್ನೂ ಮುಂದೆ ಹೋಗಿ ಪೂಜೆ ಮಾಡಿದ್ಮೇಲೆ ಮಳೆ ಬಂತಲ್ಲ ಯಾಕೆ ಅಂದ್ರೆ, ಯಾಕೂ ಇಲ್ಲ, ಪೂಜೆ ಮಾಡದೆ ಮಳೆ ಬಂದ ಹಾಗೇನೇ ಅಂದುಬಿಟ್ಟ. ಹಾಗಂತ ಅವನು ಪೂಜೆ ಬಿಡಿ ಅನ್ನಲಿಲ್ಲ, ಕಷ್ಟದಲ್ಲಿ ಜನ ಒಟ್ಟಾಗಿ ನಿಲ್ಲೋಕೆ ಒಂದು ರೂಪ ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಚೀನಾದಲ್ಲಿ ನಂಬೋರೂ ಪ್ರಶ್ನೆ ಕೇಳೋರೂ ಎರಡೂ ಕಡೆ ಜನ ಮೊದಲಿಂದ ಇದ್ರು ಅನ್ನೋದನ್ನ ನೆನಪಿಟ್ಕೊಂಡು ಗುಡಿ ನೋಡಿ.

ಹಳ್ಳಿಗಳಲ್ಲಿ ಇತ್ತೀಚಿನ ಕಾಲದ ತನಕ ನಡೆದ ರೀತಿ ಬೇರೆ, ಅದನ್ನೂ ಹೇಳ್ತೀನಿ. ಶಾನ್‌ಸಿ, ಶಾನ್ಶಿ (ಹೆಸರು ಒಂದೇ ಥರ ಕೇಳಿಸಿದ್ರೂ ಇವೆರಡು ಬೇರೆ ಬೇರೆ ಪ್ರಾಂತ್ಯ), ಹೆಬೇ ಕಡೆ ಹತ್ತು ವರ್ಷಕ್ಕೆ ಒಂಬತ್ತು ಬರ ಅನ್ನೋ ಗಾದೆ ಇದೆ, ವರ್ಷದ ಮಳೆ ಜಾಸ್ತಿ ಬೀಳೋದು ಜುಲೈ ಆಗಸ್ಟ್‌ನಲ್ಲೇ, ಅದು ತಪ್ಪಿದ್ರೆ ಮುಗೀತು. 1876ರಿಂದ 79ರ ತನಕ ಉತ್ತರ ಚೀನಾದಲ್ಲಿ ಬಿದ್ದ ಬರಗಾಲದಲ್ಲಿ ಸತ್ತವರು 90 ಲಕ್ಷದಿಂದ 1 ಕೋಟಿ 30 ಲಕ್ಷ ಅಂತ ಅಂದಾಜು ಮಾಡ್ತಾರೆ. ಆ ಹೆದರಿಕೆ ಇಟ್ಕೊಂಡು ಈ ಮೆರವಣಿಗೆ ಕಲ್ಪಿಸ್ಕೊಳ್ಳಿ. ಬರ ಅಂತ ಖಾತ್ರಿ ಆದ್ಮೇಲೆ ಊರಲ್ಲಿ ಮಾಂಸ ಕಡಿಯೋದು ನಿಲ್ಲುತ್ತೆ. ಗಂಡಸರು ಬರಿಗಾಲಲ್ಲಿ, ತಲೆಗೆ ವಿಲೋ ಮರದ ಎಳೇ ಕೊಂಬೆ ಸುತ್ತಿ, ಲೋಂಗ್ ವಾಂಗ್ ಮೂರ್ತಿಯನ್ನ ಪಲ್ಲಕ್ಕಿ ಮೇಲೆ ಹೊತ್ಕೊಂಡು ಹೊರಡ್ತಾರೆ. ವಿಲೋ ಯಾಕೆ ಅಂದ್ರೆ ಅದು ನೀರಿನ ದಡದ ಮರ. ಯಾರೂ ಟೋಪಿ ಹಾಕೋ ಹಾಗಿಲ್ಲ, ಕೊಡೆ ಹಿಡಿಯೋ ಹಾಗಿಲ್ಲ, ದಾರಿಯಲ್ಲಿ ನಿಂತು ನೋಡೋರೂ ತಲೆ ಮೇಲಿನ ಟೋಪಿ ತೆಗೀಬೇಕು, ಬಿಸಿಲು ತಡ್ಕೊಳ್ಳೋಕೆ ಆಗ್ತಿಲ್ಲ ಅಂತ ತೋರಿಸೋ ಹೊತ್ತಲ್ಲಿ ನೆರಳು ಮಾಡ್ಕೊಳ್ಳೋದು ತಪ್ಪು ಅಂತ. ದೂರದ ಬೆಟ್ಟದ ಬುಗ್ಗೆಗೆ ನಡ್ಕೊಂಡು ಹೋಗಿ, ಮಂಡಿ ಊರಿ, ಸಣ್ಣ ಬಾಟಲಿಯಲ್ಲೋ ಹೂಜಿಯಲ್ಲೋ ನೀರು ಹಿಡಿದು ತರ್ತಾರೆ. ಆ ಒಂದು ಹಿಡಿ ನೀರು ಊರಿಗೆ ಬಂದು ಕೂತ್ರೆ ಅದರ ಹಿಂದೆ ಮೋಡ ಬರುತ್ತೆ ಅಂತ. ಉತ್ತರ ಶಾನ್ಶಿಯ ಮಳೆ ಹಾಡುಗಳಲ್ಲಿ ಕೇಳೋದು ಜಡಿಮಳೆ ಅಲ್ಲ, ತಂಗಾಳಿ ಮತ್ತೆ ಸಣ್ಣ ಹನಿ ಮಳೆ, ಯಾಕಂದ್ರೆ ಅಲ್ಲಿಯದು ಹಳದಿ ಪುಡಿ ಮಣ್ಣಿನ ಗುಡ್ಡ, ಜೋರು ಮಳೆ ಬಂದ್ರೆ ಹೊಲಾನೇ ಕೊಚ್ಕೊಂಡು ಹೋಗುತ್ತೆ. ಮೆರವಣಿಗೆಗೆ ಹೆಂಗಸರನ್ನ ಸೇರಿಸ್ತಿರಲಿಲ್ಲ ತುಂಬಾ ಕಡೆ, ಆದ್ರೆ ಕೆಲವು ಹಳ್ಳಿಗಳಲ್ಲಿ ಗಂಡ ಸತ್ತ ಹೆಂಗಸರೇ ಸೇರಿ ಬತ್ತಿದ ಹೊಂಡ ಗುಡಿಸೋ ಪದ್ಧತಿ ಇತ್ತು.

ಅಷ್ಟಾದ್ರೂ ಮಳೆ ಬರದಿದ್ರೆ? ಆಗ ಮೂರ್ತೀನ ಹೊರಗೆ ತಂದು ಉರಿ ಬಿಸಿಲಲ್ಲಿ ಕೂರಿಸೋರು. ನೀನೂ ಸ್ವಲ್ಪ ನೋಡು, ನಮ್ಮ ಹೊಲ ಹೇಗೆ ಸುಡ್ತಿದೆ ಅಂತ. ಕೆಲವು ಕಡೆ ಮೂರ್ತಿಗೆ ಏಟೂ ಬೀಳ್ತಿತ್ತು. 1840ರ ದಶಕದಲ್ಲಿ ಚೀನಾ ಸುತ್ತಿದ ಹುಕ್ ಅನ್ನೋ ಫ್ರೆಂಚ್ ಪಾದ್ರಿ ಬರೆದಿಟ್ಟ ಒಂದು ಕಥೆಯಲ್ಲಿ, ಜ್ಯಾಚಿಂಗ್ ಚಕ್ರವರ್ತಿ ಸಿಟ್ಟಿಗೆದ್ದು ಡ್ರ್ಯಾಗನ್‌ನನ್ನ ಇಲಿ ಅನ್ನೋ ಹೆಸರಿನ ದೂರದ ಗಡಿ ಪ್ರದೇಶಕ್ಕೆ ಗಡೀಪಾರು ಮಾಡ್ತಾನೆ, ಅರ್ಧ ದಾರಿಯಲ್ಲಿ ಮಂತ್ರಿಗಳು ಕಾಲಿಗೆ ಬಿದ್ದು ಕೇಳಿಕೊಂಡ ಮೇಲೆ ಕ್ಷಮಿಸಿ ವಾಪಸ್ ಕರೆಸ್ತಾನೆ. ಇದನ್ನ ನೋಡಿ ಇವರಿಗೆ ದೇವರ ಮೇಲೆ ಭಕ್ತಿ ಇಲ್ಲ ಅಂತ ತೀರ್ಮಾನ ಮಾಡಿದ ಪಾದ್ರಿಗಳು ಇದ್ರು, ನನಗೆ ಹಾಗನ್ಸಲ್ಲ. ಮುನಿಸು ಬರೋದು ನಮ್ಮೋನು ಅನ್ನೋ ಸಲಿಗೆ ಇರೋ ಕಡೆಯೇ. ಅವನು ಅಧಿಕಾರಿ, ಜನ ಅವನಿಗೆ ಗುಡಿ ಕಟ್ಟಿದ್ದಾರೆ, ಊದುಬತ್ತಿ ಹಚ್ಚಿದ್ದಾರೆ, ನಾಟಕ ಆಡಿಸಿದ್ದಾರೆ, ಈಗ ಅವನ ಸರದಿ. ದೊಡ್ಡ ಅಧಿಕಾರಿಗಳೂ ಇದರಿಂದ ಹೊರಗಿರಲಿಲ್ಲ, ಜಿಲ್ಲೆ ಅಧಿಕಾರಿ ಬರಿಗಾಲಲ್ಲಿ ಗುಡಿಗೆ ನಡೀಬೇಕಿತ್ತು, ಅದು ಅವನ ಕೆಲಸದ ಭಾಗ. ಹೆಬೇ ಪ್ರಾಂತ್ಯದ ಹಾನ್‌ದಾನ್‌ನಲ್ಲಿ ಒಂದು ಡ್ರ್ಯಾಗನ್ ಬಾವಿ ಇದೆ, ಅದರಲ್ಲಿದ್ದ ಕಬ್ಬಿಣದ ಫಲಕಕ್ಕೆ ಮಳೆ ತರೋ ಶಕ್ತಿ ಇದೆ ಅಂತ 1860ರ ದಶಕದಿಂದ ಚಿಂಗ್ ಆಸ್ಥಾನದವರು ಬರ ಬಂದಾಗ ನಾನೂರು ಕಿಲೋಮೀಟರ್‌ಗೂ ಮೀರಿದ ದಾರಿ ಸವೆಸಿ ಬೀಜಿಂಗ್‌ಗೆ ತರಿಸ್ಕೊಂಡು ಪೂಜೆ ಮಾಡ್ತಿದ್ರು.

ನಮ್ಮ ದೇಶದ ಪಾಲೂ ಇದರಲ್ಲಿದೆ, ಅದನ್ನ ಬಿಡೋಕಾಗಲ್ಲ. ಬೌದ್ಧ ಗ್ರಂಥಗಳು ಚೀನಾಗೆ ಹೋದಾಗ ನಾಗ ಅನ್ನೋ ಪದಕ್ಕೆ ಅಲ್ಲಿಯವರು ಇಟ್ಟ ಪದ ಲೋಂಗ್, ನಾಗರಾಜ ಅಂದ್ರೆ ಲೋಂಗ್ ವಾಂಗ್. ಊರೂರಿನ ಡ್ರ್ಯಾಗನ್‌ಗಳಿಗೆ ರಾಜ ಅನ್ನೋ ರೂಪ ಗಟ್ಟಿಯಾಗಿದ್ದು ಇದರಿಂದ ಅಂತ ವಿದ್ವಾಂಸರು ಹೇಳ್ತಾರೆ. 6ನೇ ಶತಮಾನದಲ್ಲಿ ನರೇಂದ್ರಯಶ ಅನ್ನೋ ಭಿಕ್ಷು ಚೀನೀ ಭಾಷೆಗೆ ತಂದ ಮಹಾಮೇಘ ಸೂತ್ರದಲ್ಲಿ ಮಳೆ ಕೇಳೋ ವಿಧಾನ ಪೂರ್ತಿ ಇದೆ, ನೀಲಿ ಬಟ್ಟೆ, ನೀಲಿ ಬಾವುಟ, ಪೂರ್ವಕ್ಕೆ ಮುಖ ಮಾಡಿ ಕೂತು ಓದ್ಬೇಕು, ಸುತ್ತಲೂ ಸಗಣಿ ನೀರಲ್ಲಿ ನಾಗರಾಜರ ಚಿತ್ರ ಬರೀಬೇಕು, ಪೂರ್ವಕ್ಕೆ ಮೂರು ತಲೆ, ದಕ್ಷಿಣಕ್ಕೆ ಐದು, ಪಶ್ಚಿಮಕ್ಕೆ ಏಳು, ಉತ್ತರಕ್ಕೆ ಒಂಬತ್ತು. ಅರಳಿಕಟ್ಟೆಯ ನಾಗರಕಲ್ಲಲ್ಲಿ ಐದು ಹೆಡೆ ಏಳು ಹೆಡೆ ನೋಡ್ತಾ ಬೆಳೆದವರು ಇದನ್ನ ಓದಿ ಸುಮ್ನೆ ಹೇಗಿರ್ತಾರೆ ಹೇಳಿ.

ಈಗಿನ ಕಾಲದಲ್ಲಿ ಜೀವಂತವಾಗಿ ನೋಡ್ಬೇಕು ಅಂದ್ರೆ ಉತ್ತರ ಶಾನ್ಶಿಯ ಯುಲಿನ್ ಕಡೆ ಇರೋ ಹೇಲೋಂಗ್‌ಥಾನ್‌ಗೆ ಹೋಗಿ, ಬೀಜಿಂಗ್‌ದೂ ಇದೂ ಹೆಸರು ಒಂದೇ, ಜಾಗ ಬೇರೆ, ಟಿಕೆಟ್ ಮಾಡುವಾಗ ಗೊಂದಲ ಮಾಡ್ಕೋಬೇಡಿ. ಮಾವೋ ಆಳ್ವಿಕೆಯಲ್ಲಿ ಹಳೇ ಆಚಾರಗಳನ್ನ ಅಳಿಸೋಕೆ ಹೊರಟ ಸಾಂಸ್ಕೃತಿಕ ಕ್ರಾಂತಿ ಕಾಲದಲ್ಲಿ ಚೀನಾದ ಸಾವಿರಾರು ಗುಡಿಗಳ ಹಾಗೆ ಇದೂ ನೆಲಸಮ ಆಗಿತ್ತು, 1980ರ ದಶಕದಲ್ಲಿ ಹಳ್ಳಿಯವರೇ ಮತ್ತೆ ಕಟ್ಟಿದ್ರು, ಈಗ ಆ ಭಾಗದ ಬಹಳ ದೊಡ್ಡ ಜಾತ್ರೆ ಇದರದ್ದು. ಹುಂಡಿ ದುಡ್ಡಲ್ಲಿ ಶಾಲೆ ಕಟ್ಟಿದ್ದಾರೆ, ಬೋಳು ಗುಡ್ಡದ ಮೇಲೆ ಮರ ಬೆಳೆಸಿದ್ದಾರೆ. ಮಳೆ ದೇವರ ದುಡ್ಡು ಗಿಡಕ್ಕೆ ಹೋಗೋದು ನನಗೆ ಎಲ್ಲಕ್ಕಿಂತ ಸರಿಯಾದ ಪೂಜೆ ಅನ್ಸುತ್ತೆ. ಅಲ್ಲಿಯ ಬುಗ್ಗೆ ನೀರು ಔಷಧಿ ಅಂತ ಜನ ಬಾಟಲಿಯಲ್ಲಿ ತುಂಬ್ಕೊಂಡು ಹೋಗ್ತಾರೆ. ಇವತ್ತು ಬರೋರು ಮಳೆ ಒಂದೇ ಕೇಳಲ್ಲ, ವ್ಯಾಪಾರ, ಮದುವೆ, ಮಗನ ಪರೀಕ್ಷೆ, ಕಾಯಿಲೆ ಎಲ್ಲಾ ಕೇಳ್ತಾರೆ, ಬೋರ್‌ವೆಲ್ಲು ಡ್ಯಾಮು ಬಂದ ಮೇಲೆ ಡ್ರ್ಯಾಗನ್ ಕೆಲಸಾನೂ ಬದಲಾಗಿದೆ.

ನೀವು ಹೋದಾಗ ಊದುಬತ್ತಿ ಮೂರು ಹಚ್ಚಿದ್ರೆ ಸಾಕು, ಹೊರಗಿನ ದೊಡ್ಡ ಧೂಪದ ಪಾತ್ರೆಯಲ್ಲಿ ನೆಡಿ, ಮೂರ್ತಿ ಕಡೆ ಬೆರಳು ತೋರಿಸ್ಬೇಡಿ, ಮುಂದೆ ಇರೋ ದಿಂಬಿನ ಮೇಲೆ ಮಂಡಿ ಊರಿ ಕೈ ಮುಗಿದ್ರೆ ಯಾರೂ ಬೇಡ ಅನ್ನಲ್ಲ. ಪ್ರಶ್ನೆ ಕೇಳೋ ಆಸೆ ಇದ್ರೆ ಬಿದಿರಿನ ಡಬ್ಬಿಯಲ್ಲಿ ನಂಬರ್ ಹಾಕಿದ ಕಡ್ಡಿಗಳು ಇರೋ ಗುಡಿಗಳಿವೆ, ಮನಸ್ಸಲ್ಲಿ ಪ್ರಶ್ನೆ ಹೇಳ್ಕೊಂಡು ಡಬ್ಬಿ ಅಲ್ಲಾಡಿಸ್ತಾ ಇರ್ಬೇಕು, ಒಂದು ಕಡ್ಡಿ ತಾನಾಗೇ ಮೇಲೆ ಬಂದು ಬೀಳುತ್ತೆ, ಆ ನಂಬರ್‌ನ ಚೀಟಿ ತಗೊಂಡು ಅಲ್ಲಿ ಕೂತಿರೋ ಹಿರಿಯರಿಂದ ಓದಿಸ್ಬೇಕು. ದಕ್ಷಿಣದ ಫುಜ್ಯಾನ್, ಥೈವಾನ್ ಕಡೆ ಅರ್ಧಚಂದ್ರದ ಥರ ಎರಡು ಮರದ ತುಂಡು ಎಸೀತಾರೆ, ಒಂದು ಚಪ್ಪಟೆ ಮೇಲಾಗಿ ಇನ್ನೊಂದು ಉಬ್ಬು ಮೇಲಾಗಿ ಬಿದ್ರೆ ಹೂಂ ಅಂತ, ಎರಡೂ ಉಬ್ಬು ಮೇಲಾದ್ರೆ ಊಹೂಂ, ಎರಡೂ ಚಪ್ಪಟೆ ಮೇಲಾದ್ರೆ ದೇವರು ನಕ್ಕ, ಪ್ರಶ್ನೆ ಸರಿಯಾಗಿ ಕೇಳು ಅಂತ. ನಮ್ಮ ಕಡೆ ದೇವರ ಮೇಲಿನ ಹೂವು ಬಲಕ್ಕೆ ಬಿತ್ತಾ ಎಡಕ್ಕೆ ಬಿತ್ತಾ ನೋಡೋ ಹಾಗೇನೇ. ಫೋಟೋ ತೆಗೆಯೋಕೆ ಮುಂಚೆ ಕೇಳಿ, ಬೇಡ ಅಂದ್ರೆ ಬೇಡ. ವಯಸ್ಸಾದವರ ಹತ್ರ ಮಾತು ಶುರು ಮಾಡೋಕೆ ಒಂದೇ ಒಂದು ಪ್ರಶ್ನೆ ಕಲ್ತ್ಕೊಳ್ಳಿ, ಲಿಂಗ್ ಬು ಲಿಂಗ್, ಅಂದ್ರೆ ಈ ದೇವರಿಗೆ ಶಕ್ತಿ ಇದೆಯಾ ಇಲ್ವಾ, ಅಷ್ಟು ಕೇಳಿದ್ರೆ ಸಾಕು ಯಾವ ವರ್ಷ ಬರ ಬಿತ್ತು, ಯಾರು ಪಲ್ಲಕ್ಕಿ ಹೊತ್ರು, ಎಷ್ಟು ದಿನಕ್ಕೆ ಮಳೆ ಬಂತು ಎಲ್ಲಾ ಅವರೇ ಹೇಳ್ತಾರೆ, ನೀವು ಫೋನ್‌ನಲ್ಲಿ ಟ್ರಾನ್ಸ್‌ಲೇಟರ್ ಆನ್ ಮಾಡಿ ಇಟ್ಕೊಂಡಿರಿ.

ಹೊರಡೋ ಮುಂಚೆ ಗುಡಿಗೆ ಬೆನ್ನು ಮಾಡಿ ನಿಂತು ಎದುರಿಗೆ ನೋಡಿ, ನಾಟಕದ ಕಟ್ಟೆ ಇರುತ್ತೆ, ಅದರ ಮುಖ ಜನರ ಕಡೆಗಲ್ಲ, ನೇರ ದೇವರ ಕಡೆಗೆ. ಮಳೆ ಬಂದ್ರೆ ಮೂರು ದಿನ ಆಟ ಆಡಿಸ್ತೀವಿ ಅಂತ ಹರಕೆ ಹೊತ್ತಿರ್ತಾರೆ, ಬಂದ ಮೇಲೆ ಆಡಿಸ್ಲೇಬೇಕು, ಜನ ಮಧ್ಯೆ ಕೂತು ನೋಡ್ತಾರೆ ಅಷ್ಟೇ, ಆಟ ಅವನಿಗೆ. ಬುಗ್ಗೆಯಿಂದ ತಂದ ನೀರಿನ ಬಾಟಲಿಯನ್ನೂ ಇಟ್ಕೊಳ್ಳೋ ಹಾಗಿಲ್ಲ, ತುಂಬಾ ಊರುಗಳಲ್ಲಿ ಮಳೆ ಆದ್ಮೇಲೆ ಅದನ್ನ ಮತ್ತೆ ಹೊತ್ಕೊಂಡು ಅದೇ ಬೆಟ್ಟ ಹತ್ತಿ, ಅದೇ ಬುಗ್ಗೆಗೆ ವಾಪಸ್ ಸುರಿದು ಬರ್ತಿದ್ರು.